ಗಾಳದ ಕಾಕಾನ್ನ ಕೇಳಿ: ಹೊಳೆ ಸಣ್ಣದಾದಾಗ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ನೀರು ಕಡಿಮೆಯಾದ ಹೊಳೆಯ ಮಾತೇ. ಬೇಸಿಗೆ ಅಲ್ವಾ, ಸಹಜ. ಗೋಕಾಕದ ನಮ್ಮ ಮನೆ ಹಿಂದೆ ಘಟಪ್ರಭೆಯ ಬಂಡೆಗಳೆಲ್ಲ ಬೆನ್ನು ತೋರಿಸಿ ಮಲಗಿವೆ. ಹಾಗಾಗಿ ಆ ಪತ್ರಗಳನ್ನೇ ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬಲೆ, ತೆಪ್ಪದ ಪ್ರಶ್ನೆಗಳಿಗೆ ಮುಂದಿನ ಸಲ ಉತ್ತರಿಸುತ್ತೇನೆ.

ಕಾಕಾ, ನಾನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಅಕ್ಟೋಬರ್‌ನಲ್ಲಿ ಗೆಳೆಯರ ಜೊತೆ ಹಿಮಾಚಲದ ತೀರ್ಥನ್ ಹೊಳೆಗೆ ಟ್ರೌಟ್ ಹಿಡಿಯಲು ಹೋಗುತ್ತಿದ್ದೇವೆ. ಗರಿ, ದಾರದಿಂದ ಕಟ್ಟಿದ ನಕಲಿ ಹುಳ, ಅಂದರೆ ಫ್ಲೈ, ಬೀಸಿ ಮೀನು ಹಿಡಿಯುವ ಫ್ಲೈ ಫಿಶಿಂಗ್ ಮಾಡಬೇಕು ಅಂತ ಆಸೆ. ಆಗ ಅಲ್ಲಿ ನೀರು ಕಡಿಮೆ, ತಳದ ಕಲ್ಲು ಎಣಿಸಬಹುದು, ಮೀನು ಹತ್ತಿರ ಬರಗೊಡುವುದಿಲ್ಲ ಅಂತ ಹೇಳಿದರು. ಏನು ತಯಾರಿ ಮಾಡಿಕೊಳ್ಳಲಿ?
— ವಿದ್ಯಾರ್ಥಿ, ಬೆಳಗಾವಿ

ತಮ್ಮಾ, ನಿನಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಮೇ, ಜೂನ್‌ನಲ್ಲಿ ಅಲ್ಲಿ ಹಿಮ ಕರಗಿದ ನೀರು ಬರುತ್ತದೆ. ಆಮೇಲೆ ಮಳೆ ನೀರು. ಎರಡೂ ಮುಗಿದ ಮೇಲೆ ಹೊಳೆ ಇಳಿದು ತಿಳಿಯಾಗುತ್ತದೆ. ಆಗ ಮೀನಿಗೆ ನೀನು ಕಾಣುವುದೂ ಸುಲಭ. ಆದರೆ ನನ್ನ ಕೇಳಿದರೆ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಮೀನು ಎಲ್ಲಿದೆ, ಏನು ಮಾಡುತ್ತಿದೆ ಎಂದು ಕಣ್ಣಾರೆ ನೋಡಬಹುದು. ಸೈನ್ಯದಲ್ಲಿದ್ದಾಗ ಕಾಶ್ಮೀರದ ಲಿದ್ದರ್ ದಂಡೆಯ ಮೇಲೆ ನಾನು ಈ ವಿದ್ಯೆ ಕಲಿತದ್ದೂ ನೀರು ಇಳಿದ ದಿನಗಳಲ್ಲೇ. ಅಲ್ಲಿಯ ಬ್ರೌನ್ ಟ್ರೌಟ್ 1900ರ ಹೊತ್ತಿಗೆ ಸ್ಕಾಟ್‌ಲೆಂಡ್‌ನಿಂದ ಮೊಟ್ಟೆಯ ರೂಪದಲ್ಲಿ ಬಂದ ಮೀನಿನ ಸಂತತಿ.

ಹೊಳೆ ಮುಟ್ಟಿದ ಕೂಡಲೇ ದಾರ ಬೀಸಬೇಡ. ದಂಡೆಯಿಂದ ಹತ್ತು ಹೆಜ್ಜೆ ಹಿಂದೆ ಕುಳಿತುಕೋ. ಸುಮ್ನೆ ನೋಡು. ಟ್ರೌಟ್ ಯಾವಾಗಲೂ ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ, ಊಟ ತೇಲಿ ಬರುವುದು ಆ ಕಡೆಯಿಂದ. ಹಾಗಾಗಿ ನೀನು ಕೆಳಗಿನಿಂದ, ಅದರ ಬೆನ್ನ ಕಡೆಯಿಂದ ಹೋಗಬೇಕು. ಹರಿವಿಗೆ ಎದುರಾಗಿ, ಹೊಳೆಯ ಮೇಲ್ಗಡೆಗೆ ಬೀಸಬೇಕು.

ಈಗ ಒಂದು ಲೆಕ್ಕ ಹೇಳುತ್ತೇನೆ, ಇಂಜಿನಿಯರಿಂಗ್ ಹುಡುಗ, ನಿನಗೆ ಹಿಡಿಸುತ್ತದೆ. ನೀರಿಗೆ ಬಿದ್ದ ಬೆಳಕು ಬಾಗುತ್ತದಲ್ಲ, ಅದರಿಂದ ಮೀನಿಗೆ ಹೊರಗಿನ ಲೋಕ ತನ್ನ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಆ ಕಿಟಕಿಯ ಕೋನ ಸುಮಾರು 97 ಡಿಗ್ರಿ. ನೀರಿನ ಮಟ್ಟದಿಂದ ಮೇಲಕ್ಕೆ 10 ಡಿಗ್ರಿಯ ಒಳಗಿರುವುದೆಲ್ಲ ಕಿಟಕಿಯ ಅಂಚಿನಲ್ಲಿ ಹಿಂಡಿಕೊಂಡು ಮಸುಕಾಗುತ್ತದೆ. ಅಂದರೆ 30 ಅಡಿ ದೂರದಲ್ಲಿ ಐದು ಅಡಿಯ ಒಳಗಿನ ಎತ್ತರ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ನೀನು ನೆಟ್ಟಗೆ ನಿಂತರೆ ಕಾಣುತ್ತೀ. ಮೊಣಕಾಲೂರಿ ಮೂರು ಅಡಿಗೆ ತಗ್ಗಿದರೆ 17-18 ಅಡಿ ಹತ್ತಿರದ ತನಕ ಹೋಗಬಹುದು. ದುಬಾರಿ ಕೋಲಿಗಿಂತ ಮೊಣಕಾಲಿಗೆ ಕಟ್ಟಿಕೊಳ್ಳುವ ದಪ್ಪ ಬಟ್ಟೆ ಅಲ್ಲಿ ಜಾಸ್ತಿ ಕೆಲಸಕ್ಕೆ ಬರುತ್ತದೆ. ಬಿಳಿ ಟೀ-ಶರ್ಟ್ ಬೇಡ. ಸೂರ್ಯ ಬೆನ್ನ ಹಿಂದಿದ್ದರೆ ನಿನ್ನ ನೆರಳು ನಿನಗಿಂತ ಮೊದಲು ಮೀನಿನ ಮೇಲೆ ಬೀಳುತ್ತದೆ, ಅದನ್ನೂ ನೋಡಿಕೋ. ಕಾಲಿನ ಕೆಳಗೆ ಕಲ್ಲು ಕಟಕ್ಕೆಂದರೆ ಆ ಸದ್ದು ನೀರಲ್ಲಿ ಬಹಳ ದೂರ ಹೋಗುತ್ತದೆ.

ಇನ್ನು ಸಾಮಾನು. ಬೀಸುವ ದಪ್ಪ ದಾರ ಲೈನ್, ಅದಕ್ಕೂ ಫ್ಲೈಗೂ ನಡುವಿನ ಸಣ್ಣ ದಾರ ಲೀಡರ್. ದೊಡ್ಡ ನೀರಿಗೆ 9 ಅಡಿಯ ಲೀಡರ್ ಸಾಕು. ತೆಳು ನೀರಿಗೆ 12 ಅಡಿ ಇರಲಿ. ಲೀಡರ್ ತುದಿಯ ಅತಿ ಸಣ್ಣ ಎಳೆ, ಟಿಪ್ಪೆಟ್, 5ಎಕ್ಸ್ ಅಥವಾ 6ಎಕ್ಸ್. 5ಎಕ್ಸ್ ಅಂದರೆ 0.15 ಮಿಲಿಮೀಟರ್ ದಪ್ಪ. ಫ್ಲೈ 16, 18ನೇ ನಂಬರಿನದು. ನಂಬರ್ ದೊಡ್ಡದಾದಷ್ಟೂ ಗಾಳ ಸಣ್ಣದು. ದಪ್ಪ ಲೈನ್ ಹಗ್ಗದಂತೆ ನೀರಿಗೆ ಬಿದ್ದರೆ ಆ ಮಡುವಿನ ಆಟ ಮುಗಿಯಿತು, ಅದಕ್ಕೇ 4ನೇ ನಂಬರಿನ ಹಗುರ ಲೈನ್ ತೆಗೆದುಕೋ.

ಜನ ಸೋಲುವುದು ಬೀಸುವುದರಲ್ಲಿ ಅಂತ ಎಲ್ಲರೂ ತಿಳಿದಿದ್ದಾರೆ. ಸೋಲುವುದು ಅದಾದ ಮೇಲೆ. ಫ್ಲೈ ನೀರಿಗೆ ಬಿತ್ತು, ತೇಲಿತು. ನಡುವೆ ಬೇರೆ ವೇಗದ ಹರಿವು ಲೈನನ್ನು ಎಳೆಯಿತು. ಆಗ ಫ್ಲೈ ಹಿಂದೆ ಒಂದು ಸಣ್ಣ ಗೆರೆ ಮೂಡುತ್ತದೆ, ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ. ಸತ್ತ ಹುಳ ಎಂದೂ ಹಾಗೆ ಗೆರೆ ಎಳೆಯುವುದಿಲ್ಲ. ಮೀನು ಅರ್ಧ ಮೇಲೆ ಬಂದು, ಫ್ಲೈ ಜೊತೆ ಒಂದು ಗೇಣು ಹಿಂದೆ ಸರಿದು, ನೋಡಿ, ಮತ್ತೆ ಕೆಳಗೆ ಹೋಗುತ್ತದೆ. ನೀನು ಆ ಗೆರೆ ಗಮನಿಸಲು ಕಲಿತರೆ ಅರ್ಧ ಕಲಿತ ಹಾಗೆ. ದೂರ ಬೀಸುವ ಹಟ ಬಿಡು, ಹತ್ತಿರ ಹೋಗು. ನೀರಿನ ಮೇಲೆ ಲೈನ್ ಕಡಿಮೆ ಇದ್ದಷ್ಟೂ ಎಳೆತ ಕಡಿಮೆ.

ಮೀನು ಎಲ್ಲಿರುತ್ತದೆ? ಕಲ್ಲುಗಳ ಮೇಲೆ ಹಾರಿ ಬಂದ ನೀರು ಮಡುವಿಗೆ ಇಳಿಯುವ ಬಾಯಿಯಲ್ಲಿ. ಅಲ್ಲಿ ನೊರೆ ಇದೆ, ಗಾಳಿ ಬೆರೆತಿದೆ, ಮೇಲೆ ಮರೆಯೂ ಇದೆ. ಅಕ್ಟೋಬರ್ ಬೆಳಗ್ಗೆ ನೀರು ಬಹಳ ತಣ್ಣಗಿರುತ್ತದೆ, ಹಾಗಾಗಿ ಕತ್ತಲಲ್ಲೇ ಏಳಬೇಕಿಲ್ಲ. ಹೊಳೆಗೆ ಬಿಸಿಲು ಬಿದ್ದ ಮೇಲೆ ಹುಳ ಏಳುತ್ತವೆ, ಮೀನೂ ಏಳುತ್ತದೆ.

ಎರಡು ಮಾತು ಬಹಳ ಮುಖ್ಯ. ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕೇ ಬೇಕು. ನವೆಂಬರ್ 1ರಿಂದ ಫೆಬ್ರವರಿ ಕೊನೆಯ ತನಕ ಹಿಮಾಚಲದಲ್ಲಿ ಟ್ರೌಟ್ ಹಿಡಿಯುವಂತಿಲ್ಲ, ಅದು ಬ್ರೌನ್ ಟ್ರೌಟ್ ಮೊಟ್ಟೆ ಇಡುವ ಕಾಲ. ಅಕ್ಟೋಬರ್ ಕೊನೆಯಲ್ಲಿ ಹೋದರೆ ತೆಳು ನೀರಿನ ಜಲ್ಲಿಯಲ್ಲಿ ಪಾಚಿ ಇಲ್ಲದ, ಬಿಳಿಚಿಕೊಂಡ ತಟ್ಟೆಯಗಲದ ಜಾಗ ಕಂಡೀತು. ಹೆಣ್ಣು ಮೀನು ಬಾಲದಿಂದ ಜಲ್ಲಿ ಕೆದರಿ ಮಾಡಿದ ಗೂಡು ಅದು. ಅದರ ಮೇಲೆ ಕಾಲಿಡಬೇಡ. ಪಕ್ಕದಲ್ಲಿ ನಿಂತ ಮೀನಿಗೆ ಗಾಳವನ್ನೂ ಹಾಕಬೇಡ. ಎಷ್ಟು ದೊಡ್ಡದಿದ್ದರೂ ಬೇಡ.

ಕಾಕಾ, ನಮ್ಮ ಹೊಲ ಘಟಪ್ರಭಾ ದಂಡೆಗಿದೆ. ಊಟಿಯಲ್ಲಿ ಟ್ರೌಟ್ ಇದೆಯಂತೆ. ಮರಿ ತಂದು ಹಿಡಕಲ್ ಡ್ಯಾಮಿನ ಹಿನ್ನೀರಿಗೆ ಬಿಟ್ಟರೆ ನಮ್ಮಲ್ಲೂ ಬೆಳೆಯುವುದಿಲ್ಲವೇ? ಪ್ರವಾಸಿಗರೂ ಬಂದಾರು.
— ರೈತರು, ಮುಧೋಳ ತಾಲೂಕು

ಇಲ್ಲ ರೀ, ಬೆಳೆಯುವುದಿಲ್ಲ. ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ ಶುರು. 25ರ ಆಸುಪಾಸು ಜೀವಕ್ಕೇ ಅಪಾಯ. ನಮ್ಮ ಬೇಸಿಗೆಯ ಹೊಳೆ 30 ಮುಟ್ಟುತ್ತದೆ. ನೀಲಗಿರಿಯಲ್ಲಿ ಅವಲಾಂಚಿಯ ಸುತ್ತ, ಮುನ್ನಾರಿನ ಮೇಲಿನ ಹೊಳೆಗಳಲ್ಲಿ ರೇನ್‌ಬೋ ಟ್ರೌಟ್ ಬದುಕಿರುವುದು ಆ ಜಾಗ ಸಮುದ್ರ ಮಟ್ಟದಿಂದ 2000 ಮೀಟರ್ ಎತ್ತರದ ಆಸುಪಾಸು ಇರುವುದರಿಂದ. ಬೆಳಗಾವಿ ಊರೇ 750 ಮೀಟರ್ ಚಿಲ್ಲರೆ. ಮುಧೋಳ ಅದಕ್ಕಿಂತ ಕೆಳಗೆ.

ಬರೀ ಬಿಸಿಯ ಮಾತಲ್ಲ. ಸಮುದ್ರ ಮಟ್ಟದ ಲೆಕ್ಕದಲ್ಲಿ 10 ಡಿಗ್ರಿಯ ಒಂದು ಲೀಟರ್ ನೀರು 11 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ನೀರು ಬಿಸಿಯಾದಷ್ಟೂ ಮೀನಿಗೆ ಉಸಿರು ಜಾಸ್ತಿ ಬೇಕು, ನೀರಲ್ಲಿ ಇರುವುದು ಕಡಿಮೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಬೇಸಿಗೆಯಲ್ಲಿ ಹೊಳೆ ಇಳಿದು ಬಿಸಿಯಾದರೆ ಮಧ್ಯಾಹ್ನ 2ರಿಂದ ನಡುರಾತ್ರಿಯ ತನಕ ಗಾಳ ಹಾಕುವುದನ್ನೇ ನಿಲ್ಲಿಸಿಬಿಡುತ್ತಾರೆ. ಹಿಡಿದು ಬಿಟ್ಟ ಮೀನೂ ದಣಿದು ಸಾಯುತ್ತದೆ ಅಂತ. ಆ ನಿಯಮ ನನಗೆ ಬಹಳ ಮೆಚ್ಚುಗೆ.

ಒಂದು ವೇಳೆ ಬದುಕುತ್ತಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ. ಹೊರಗಿನ ಮೀನು ಬಂದರೆ ಇಲ್ಲಿನ ಮರಿಗಳನ್ನು ತಿನ್ನುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಏನು ಮಾಡಿತು ನೋಡಿದ್ದೀರಲ್ಲ, ಸರಕಾರ ನಿಷೇಧಿಸಿದರೂ ಹಳ್ಳಕೊಳ್ಳಗಳಿಂದ ಹೋಗಿಲ್ಲ. ನಮ್ಮ ಕೃಷ್ಣಾ ಕಣಿವೆಗೆ ತನ್ನದೇ ರಾಜ ಮೀನಿದೆ, ದಖ್ಖನ್ ಮಹಶೀರ್. 1839ರಲ್ಲಿ ಕರ್ನಲ್ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನು ಮೊದಲು ದಾಖಲಿಸಿದ್ದು ಪುಣೆಯ ಬಳಿಯ ಮುಳಾ-ಮುಠಾ ಹೊಳೆಯಿಂದ, ಆ ನೀರೂ ಕೊನೆಗೆ ಕೃಷ್ಣೆಗೇ ಸೇರುವುದು. ಟ್ರೌಟ್ ತರುವ ಉತ್ಸಾಹವನ್ನು ದಯವಿಟ್ಟು ಇದನ್ನು ಉಳಿಸುವುದಕ್ಕೆ ಹಾಕಿ. ನಿಮ್ಮ ಹೊಲದ ಪಕ್ಕದ ಮಡುವಿಗೆ ಬೇಸಿಗೆಯಲ್ಲಿ ಯಾರೂ ಡೈನಮೈಟ್, ಬ್ಲೀಚಿಂಗ್ ಪೌಡರ್ ಹಾಕದ ಹಾಗೆ ನೋಡಿಕೊಂಡರೂ ದೊಡ್ಡ ಕೆಲಸ.

ನಾನು ಶಾಲೆಯ ಶಿಕ್ಷಕಿ. ಮಲಪ್ರಭೆ ನಮ್ಮೂರ ಬಳಿ ಈಗ ನಿಂತ ಮಡುಗಳಾಗಿದೆ. ಬೆಳಗಿನ ಜಾವ ನೂರಾರು ಮೀನು ಮೇಲೆ ಬಂದು ಬಾಯಿ ತೆರೆದು ನಿಲ್ಲುತ್ತವೆ. ಹುಡುಗರು ಬುಟ್ಟಿ ತೆಗೆದುಕೊಂಡು ಓಡುತ್ತಾರೆ. ಮೀನು ಹಸಿದಿವೆ, ಹಿಡಿಯಲು ಒಳ್ಳೆಯ ಸಮಯ ಅಂತ ದೊಡ್ಡವರೂ ಹೇಳುತ್ತಾರೆ. ಇದು ನಿಜವೇ?
— ಶಿಕ್ಷಕಿ, ಬಾದಾಮಿ ತಾಲೂಕು

ಅಕ್ಕಾ, ನಿಮ್ಮ ಪತ್ರ ಓದಿ ನನಗೆ ನಿದ್ದೆ ಬರಲಿಲ್ಲ. ಅವು ಹಸಿದಿಲ್ಲ. ಉಸಿರುಗಟ್ಟಿವೆ.

ನಿಂತ ನೀರಿನಲ್ಲಿ ಪಾಚಿ ಬೆಳೆಯುತ್ತದೆ. ಹಗಲು ಬಿಸಿಲಿದ್ದಾಗ ಅದು ಆಮ್ಲಜನಕ ಕೊಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. ತಳದ ಕೊಳೆತ ಎಲೆ, ಸೆಗಣಿ, ಕೊಚ್ಚೆ, ಎಲ್ಲಕ್ಕೂ ಅದೇ ಬೇಕು. ರಾತ್ರಿಯಿಡೀ ಖರ್ಚು, ಜಮಾ ಇಲ್ಲ. ಹರಿವಿದ್ದರೆ ಕಲ್ಲಿಗೆ ಬಡಿದು ಹೊಸ ಗಾಳಿ ಸೇರುತ್ತಿತ್ತು, ಅದೂ ನಿಂತಿದೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚಿನ ಹೊತ್ತೇ ಮೀನಿಗೆ ಅತ್ಯಂತ ಕಷ್ಟದ ಹೊತ್ತು. ನೀರಿನ ಮೇಲ್ಪದರಕ್ಕೆ ಗಾಳಿ ತಾಗುತ್ತದಲ್ಲ, ಅಲ್ಲಿ ಸ್ವಲ್ಪ ಉಸಿರು ಇರುತ್ತದೆ. ಅದಕ್ಕೇ ಮೇಲೆ ಬರುತ್ತವೆ.

ಊಟಕ್ಕೆ ಬಂದ ಮೀನಿಗೂ ಉಸಿರಿಗೆ ಬಂದ ಮೀನಿಗೂ ಇರುವ ವ್ಯತ್ಯಾಸ ನಿಮ್ಮ ಮಕ್ಕಳಿಗೆ ತೋರಿಸಿ. ಹುಳ ತಿನ್ನಲು ಬಂದ ಮೀನು ಪಟ್ಟನೆ ಮೇಲೆದ್ದು, ಒಂದು ಉಂಗುರ ಬಿಟ್ಟು, ಕೆಳಗೆ ಹೋಗುತ್ತದೆ. ನಿಮ್ಮ ನೆರಳು ಬಿದ್ದರೆ ಓಡುತ್ತದೆ. ಉಸಿರಿಗೆ ಬಂದ ಮೀನು ಮೇಲೆಯೇ ನಿಲ್ಲುತ್ತದೆ. ಮೈ ಓರೆ, ಬಾಯಿ ನೀರಿನ ಮಟ್ಟಕ್ಕೆ, ಕಿವಿರಿನ ಮುಚ್ಚಳ ಬೇಗಬೇಗ ಬಡಿಯುತ್ತಿರುತ್ತದೆ. ಕೈ ಚಾಚಿದರೂ ಸರಿಯುವುದಿಲ್ಲ. ರೋಹು, ಕಾಟ್ಲಾ ಹೀಗೆ ಸಾಲಾಗಿ ನಿಂತರೆ ಮಡು ಅಪಾಯದಲ್ಲಿದೆ ಎಂದೇ ತಿಳಿಯಿರಿ. ಕೊರವ ಮೀನಿನ ಮಾತು ಬೇರೆ. ಅದಕ್ಕೆ ಹೊರಗಿನ ಗಾಳಿಯನ್ನೇ ನುಂಗಿ ಉಸಿರಾಡುವ ಶಕ್ತಿ ಇದೆ. ಅದು ಆಗಾಗ ಒಂದು ಗುಟುಕು ಗಾಳಿಗೆ ಮೇಲೆ ಬಂದು ಹೋಗುವುದು ಅದರ ದಿನನಿತ್ಯದ ಕೆಲಸ.

ಏನು ಮಾಡಬಹುದು? ಮೊದಲು ಬುಟ್ಟಿ ಹಿಡಿದು ಮಡುವಿಗೆ ಇಳಿಯುವುದನ್ನು ನಿಲ್ಲಿಸಿ. ಇಳಿದರೆ ತಳದ ಕೆಸರು ಕದಡಿ ಉಳಿದ ಉಸಿರೂ ಹೋಗುತ್ತದೆ. ಈ ಮಡುವಿನಲ್ಲಿ ಬದುಕುಳಿದ ಮೀನೇ ಮಳೆ ಬಂದ ಮೇಲೆ ಮೊಟ್ಟೆ ಇಟ್ಟು ಇಡೀ ಹೊಳೆ ತುಂಬಿಸಬೇಕು. ದಂಡೆಯ ಮೇಲೆ ಪಂಪ್‌ಸೆಟ್ ಇರುವ ರೈತರಿದ್ದರೆ ಕೇಳಿಕೊಳ್ಳಿ: ನಸುಕಿನಲ್ಲಿ ಸ್ವಲ್ಪ ಹೊತ್ತು ಮೋಟಾರ್ ಹಾಕಿ, ಮಡುವಿನ ನೀರನ್ನೇ ಎತ್ತಿ, ಎತ್ತರದಿಂದ ಮಡುವಿಗೇ ಸುರಿಯಲಿ. ಮೀನು ಸಾಕುವವರು ಕೆರೆಯಲ್ಲಿ ಮಾಡುವುದೂ ಇದನ್ನೇ. ಆ ನೊರೆಯ ಸುತ್ತ ಮೀನು ಬಂದು ಸೇರುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ.

ಒಂದೇ ಬೆಳಗ್ಗೆ ರಾಶಿ ಮೀನು ಸತ್ತು ತೇಲಿದರೆ, ನೀರಿನ ಬಣ್ಣ ಕಂದು ತಿರುಗಿ ಬೆಲ್ಲದ ಹುಳಿ ವಾಸನೆ ಬಂದರೆ, ಅದು ಬರೀ ಬೇಸಿಗೆಯಲ್ಲ, ಮೇಲಿನಿಂದ ಏನೋ ಬಿಟ್ಟಿದ್ದಾರೆ. ಆ ಮೀನು ತಿನ್ನಬೇಡಿ, ಮಾರಬೇಡಿ. ಸ್ವಚ್ಛ ಬಾಟಲಿಯಲ್ಲಿ ಗಾಳಿ ಉಳಿಯದ ಹಾಗೆ ಕಂಠಮಟ್ಟ ನೀರು ತುಂಬಿ, ಮುಚ್ಚಿ, ಸಮಯ ಬರೆದಿಡಿ. ಫೋಟೋ ತೆಗೆಯಿರಿ. ಪಂಚಾಯಿತಿ, ಮೀನುಗಾರಿಕೆ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ಮೂರೂ ಕಡೆ ಅದೇ ದಿನ ತಿಳಿಸಿ. ಮರುದಿನಕ್ಕೆ ನೀರು ಮುಂದೆ ಹೋಗಿರುತ್ತದೆ, ಸಾಕ್ಷಿಯೂ ಹೋಗಿರುತ್ತದೆ.

ಹಿಮಾಲಯಕ್ಕೆ ಹೋಗುವಷ್ಟು ದುಡ್ಡಿಲ್ಲ ಕಾಕಾ. ಫ್ಲೈ ಫಿಶಿಂಗ್ ನಮ್ಮ ಕಡೆಯೇ ಕಲಿಯಬಹುದಾ?
— ಯುವಕ, ಖಾನಾಪುರ

ಧಾರಾಳವಾಗಿ. ನೀನು ಇರುವುದೇ ಒಳ್ಳೆಯ ಜಾಗದಲ್ಲಿ ತಮ್ಮಾ. ಮಲಪ್ರಭೆ ಹುಟ್ಟುವುದು ನಿಮ್ಮ ತಾಲೂಕಿನ ಕಣಕುಂಬಿಯಲ್ಲಿ. ಘಟ್ಟದ ಅಂಚಿನ ಹಳ್ಳಗಳಲ್ಲಿ ಬರಿಲ್, ಡ್ಯಾನಿಯೊ ಜಾತಿಯ ಪುಟ್ಟ ಮೀನುಗಳಿವೆ. ಬೆರಳುದ್ದ, ಮೈಮೇಲೆ ಪಟ್ಟೆ. ಸಂಜೆ ನೀರ ಮೇಲಿನ ಹುಳಕ್ಕೆ ಹಾರುತ್ತವೆ. ಟ್ರೌಟ್‌ಗೆ ಹೇಳಿದ್ದೆಲ್ಲ ಇವಕ್ಕೂ ನಡೆಯುತ್ತದೆ: ತಗ್ಗಿ ನಡೆ, ಕೆಳಗಿನಿಂದ ಬೀಸು, 'ವಿ' ಗೆರೆ ಬಾರದ ಹಾಗೆ ತೇಲಿಬಿಡು. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡು. ಕೈ ಒದ್ದೆ ಮಾಡಿಕೊಂಡು ಮೀನು ಮುಟ್ಟು, ನೀರಲ್ಲೇ ಬಿಡಿಸಿ ಕಳಿಸು. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಆಮೇಲೆ ಹುಣ್ಣಾಗುತ್ತದೆ.

ಭೀಮಗಡ ಅಭಯಾರಣ್ಯದ ಒಳಗೆ ಮಾತ್ರ ಕೋಲು ತೆಗೆಯಲೇಬೇಡ. ಗುಡಿಯ ಮುಂದಿನ ಮಡುವೂ ಬೇಡ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ಮಹಶೀರ್ ಉಳಿದಿರುವುದೇ ದೇವರ ಮೀನು ಅಂತ ಜನ ಮುಟ್ಟದೆ ಬಿಟ್ಟಿದ್ದರಿಂದ.

ಬೀಸುವ ಅಭ್ಯಾಸಕ್ಕೆ ನೀರೇ ಬೇಡ. ಸುಗ್ಗಿ ಮುಗಿದ ಕಣ ಇದೆಯಲ್ಲ, ಅಲ್ಲಿ ನಿಲ್ಲು. ಫ್ಲೈ ಜಾಗದಲ್ಲಿ ಕೆಂಪು ಉಣ್ಣೆಯ ತುಣುಕು ಕಟ್ಟು. 30 ಅಡಿ ದೂರದಲ್ಲಿ ಹಳೆಯ ಸೈಕಲ್ ಟಾಯರ್ ಇಟ್ಟು ಅದರೊಳಗೆ ಬೀಳಿಸು. ಹಿಂದಕ್ಕೆ ಬೀಸಿದಾಗ ಲೈನ್ ಪೂರ್ತಿ ಚಾಚಿಕೊಳ್ಳುವ ತನಕ ತಡೆದು ಆಮೇಲೆ ಮುಂದಕ್ಕೆ ಬೀಸಬೇಕು. ಚಾಟಿ ಹೊಡೆದ ಸದ್ದು ಬಂದರೆ ಅವಸರ ಮಾಡಿದ್ದೀ ಅಂತ ಅರ್ಥ.

ಫ್ಲೈ ಕಟ್ಟಲು ಸಾಮಾನು ಎಲ್ಲಿ ಸಿಗುತ್ತದೆ? ಆನ್‌ಲೈನ್‌ನಲ್ಲಿ ಬಹಳ ರೇಟು.
— ಓದುಗರು, ವಿಜಯಪುರ

ಗಾಳ ಮಾತ್ರ ಕೊಳ್ಳಿ. ಉಳಿದದ್ದು ನಮ್ಮಲ್ಲೇ ಇದೆ. ಜವಾರಿ ಹುಂಜದ ಕುತ್ತಿಗೆಯ ಗರಿ ಕೋಳಿ ಅಂಗಡಿಯಲ್ಲಿ ಕೇಳಿದರೆ ಪುಕ್ಕಟೆ ಕೊಡುತ್ತಾರೆ. ವಯಸ್ಸಾದ ಹುಂಜದ್ದು ಆರಿಸಿ, ಅದರ ಎಳೆಗಳು ಬಿರುಸು, ಹೊಳಪು ಜಾಸ್ತಿ, ನೀರ ಮೇಲೆ ಚೆನ್ನಾಗಿ ನಿಲ್ಲುತ್ತವೆ. ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಡಬ್ಬಿಗೆ ಎರಡು ಡಾಂಬರ್ ಗುಳಿಗೆ ಹಾಕಿಡಿ. ದಾರಕ್ಕೆ ನಾನು ಇಳಕಲ್ಲಿನ ಮಗ್ಗದವರ ಹತ್ತಿರ ಉಳಿದ ರೇಷ್ಮೆ ಎಳೆ ತರುತ್ತೇನೆ. ಸಣ್ಣ ಎಳೆ, ಗಟ್ಟಿ, ಗಾಳದ ಮೇಲೆ ಒತ್ತಾಗಿ ಕೂರುತ್ತದೆ. ಬಣ್ಣಕ್ಕೆ ಕಂದು, ಬೂದಿ, ಕಪ್ಪು ಇದ್ದರೆ ಸಾಕು.

ನಮ್ಮ ಮನೆಯವರೂ ಮಗನೂ ಬೇಸಿಗೆ ರಜೆಯಲ್ಲಿ ಕೃಷ್ಣಾ ಹೊಳೆಗೆ ಗಾಳ ಹಾಕಲು ಹೋಗುತ್ತಾರೆ. ನೀರು ಮೊಣಕಾಲುದ್ದ ಅಷ್ಟೇ, ಏನೂ ಆಗಲ್ಲ ಅಂತಾರೆ. ನನಗೆ ಭಯ.
— ಗೃಹಿಣಿ, ಜಮಖಂಡಿ

ನಿಮ್ಮ ಭಯ ಸರಿಯಾಗಿದೆ ತಂಗೀ. ಈ ಉತ್ತರವನ್ನು ಅವರಿಗೆ ಓದಿ ಹೇಳಿ. ಕೃಷ್ಣೆಯಲ್ಲಿ ಮೊಸಳೆ ಇವೆ. ನೀರು ಇಳಿದಾಗ ಅವೂ ಉಳಿದ ಮಡುಗಳಿಗೇ ಬಂದು ಸೇರುತ್ತವೆ, ಮೀನು ಇರುವುದೂ ಅಲ್ಲೇ. ಬೇಸಿಗೆಯಲ್ಲಿ ಮರಳ ದಿಬ್ಬದಲ್ಲಿ ಮೊಟ್ಟೆ ಇಟ್ಟು ಕಾವಲು ಕೂಡ ಕಾಯುತ್ತವೆ. ಮರಳಿನ ಮೇಲೆ ಹೊಟ್ಟೆ ಎಳೆದ ಅಗಲ ಗುರುತು, ಪಕ್ಕದಲ್ಲಿ ಉಗುರಿನ ಹೆಜ್ಜೆ ಕಂಡರೆ ಆ ಜಾಗ ಬಿಟ್ಟು ಬರಬೇಕು.

ಮೊಣಕಾಲುದ್ದದ ಮಾತೂ ನಂಬುವಂಥದ್ದಲ್ಲ. ಮರಳು ತೆಗೆದ ಗುಂಡಿಗಳು ಆಳುದ್ದ ಇರುತ್ತವೆ, ಮೇಲಿನಿಂದ ಗೊತ್ತಾಗುವುದಿಲ್ಲ. ಮೋಟಾರಿನ ವಯರ್ ನೀರಲ್ಲಿ ಬಿದ್ದಿರುತ್ತದೆ. ಬ್ಯಾರೇಜ್ ಗೇಟು ತೆಗೆದರೆ ನೀರು ಏರುವುದಕ್ಕೆ ಬಹಳ ಹೊತ್ತು ಬೇಕಿಲ್ಲ. ಹಿಮಾಲಯದಲ್ಲಿ ನೀರಿಗಿಳಿದು ಗಾಳ ಹಾಕುತ್ತಾರೆ ಅಂತ ಇಲ್ಲಿ ಹಾಗೆ ಮಾಡಬಾರದು. ಎತ್ತರದ ಬಂಡೆಯ ಮೇಲೆ, ನೀರಿನ ಅಂಚಿನಿಂದ ನಾಲ್ಕು ಮೊಳ ಹಿಂದೆ ನಿಲ್ಲಲಿ. ಮೀನು ಬಿಡಿಸಲು ಉದ್ದ ಹಿಡಿಕೆಯ ಬಲೆ ಒಯ್ಯಲಿ, ಬಗ್ಗಿ ಕೈ ಹಾಕುವುದು ಬೇಡ. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಲಿ. ಮಗನನ್ನು ಒಬ್ಬನನ್ನೇ ಕಳಿಸಬೇಡಿ.